ಅರ್ಧಕ್ಕೆ ನಿಂತ ಅರ್ಜಿ

ಕಳೆದ ಚಳಿಗಾಲದ ಒಂದು ಭಾನುವಾರ, ರಾತ್ರಿ ಪಾಳಿ ಮುಗಿಸಿ ಮಲಗಿ ಎದ್ದ ಮೇಲೆ, ಡಾಕ್ಟರ್ ಆಫ್ ಮೆಡಿಕಲ್ ಸೈನ್ಸ್ ಎಂಬ ಡಾಕ್ಟರೇಟ್ ಪದವಿಗೆ ಅರ್ಜಿ ತುಂಬಲು ಕುಳಿತೆ. ನಾನು ಅಮೆರಿಕದ ಒಂದು ಸಣ್ಣ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದಲ್ಲಿ ಹದಿನೈದು ವರ್ಷಗಳಿಂದ ಫಿಸಿಷಿಯನ್ ಅಸಿಸ್ಟೆಂಟ್ ಆಗಿದ್ದೇನೆ. ವೃತ್ತಿಯವರೆಲ್ಲ ಬಳಸುವ ಚುಟುಕು ಹೆಸರಿನಲ್ಲಿ, ಪಿಎ. ಹೆಸರು, ಪರವಾನಗಿಯ ಸಂಖ್ಯೆ, ಓದಿದ ಕಾಲೇಜು, ಕೆಲಸ ಮಾಡಿದ ವರ್ಷಗಳು ಇವೆಲ್ಲ ಹತ್ತು ನಿಮಿಷದಲ್ಲಿ ಮುಗಿದವು. ಆಮೇಲೆ ಬಂದದ್ದು ಪ್ರಬಂಧದ ಪ್ರಶ್ನೆ: ಈ ಪದವಿಯಿಂದ ನಿಮ್ಮ ರೋಗಿಗಳಿಗೆ ಏನು ಒಳ್ಳೆಯದಾಗುತ್ತದೆ ಎಂಬುದನ್ನು ವಿವರಿಸಿ. ನನ್ನ ಸಂಬಳಕ್ಕೆ, ಗೌರವಕ್ಕೆ, ಮುಂದಿನ ಹುದ್ದೆಗೆ ಅದರಿಂದ ಏನಾಗಬಹುದೆಂದು ಕೇಳಿದ್ದರೆ ಉತ್ತರ ಸಿದ್ಧವಿತ್ತು. ರೋಗಿಗಳ ಬಗ್ಗೆ ಕೇಳಿದ್ದಕ್ಕೆ ಎರಡು ಸಾಲು ಬರೆದೆ, ಅಳಿಸಿದೆ, ಮತ್ತೆ ಬರೆದೆ. ಅರ್ಜಿ ಅಲ್ಲಿಗೇ ನಿಂತಿತು. ಯಾಕೆ ನಿಂತಿತು ಎಂಬುದನ್ನು ಮೊದಲು ನನಗೆ ನಾನೇ ಸ್ಪಷ್ಟಪಡಿಸಿಕೊಳ್ಳಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ಪಿಎ ಎಂದರೆ ಯಾರು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಕಾಲೇಜು ಪದವಿ ಮುಗಿಸಿದ ಮೇಲೆ ಸುಮಾರು 27 ತಿಂಗಳ ಸ್ನಾತಕೋತ್ತರ ಶಿಕ್ಷಣ. ಅದರ ಮೊದಲ ಭಾಗ ತರಗತಿಯಲ್ಲಿ, ಉಳಿದದ್ದು ಆಸ್ಪತ್ರೆಗಳಲ್ಲಿ, ವಿಭಾಗದಿಂದ ವಿಭಾಗಕ್ಕೆ ತಿರುಗುತ್ತ, ಸುಮಾರು 2,000 ಗಂಟೆ ರೋಗಿಗಳ ನಡುವೆ. ಬಳಿಕ ರಾಷ್ಟ್ರಮಟ್ಟದ ಪ್ರಮಾಣೀಕರಣ ಪರೀಕ್ಷೆ, ರಾಜ್ಯದ ಪರವಾನಗಿ, ಮತ್ತು ವೃತ್ತಿಯಲ್ಲಿ ಇರುವಷ್ಟು ಕಾಲವೂ ಎರಡು ವರ್ಷಕ್ಕೆ 100 ಗಂಟೆಗಳ ಮುಂದುವರಿದ ಕಲಿಕೆ. ನಾವು ರೋಗಿಯನ್ನು ಪರೀಕ್ಷಿಸುತ್ತೇವೆ, ತಪಾಸಣೆಗಳನ್ನು ಬರೆಯುತ್ತೇವೆ, ರೋಗವನ್ನು ಗುರುತಿಸುತ್ತೇವೆ, ಗಾಯಕ್ಕೆ ಹೊಲಿಗೆ ಹಾಕುತ್ತೇವೆ, ಶಸ್ತ್ರಚಿಕಿತ್ಸೆಯಲ್ಲಿ ಎದುರು ನಿಂತು ಕೈಜೋಡಿಸುತ್ತೇವೆ. ಔಷಧ ಬರೆದುಕೊಡುವ ಅಧಿಕಾರ 50 ರಾಜ್ಯಗಳಲ್ಲೂ ಇದೆ. ಇಷ್ಟೆಲ್ಲ ಮಾಡುತ್ತಿದ್ದರೂ ನಾವು ವೈದ್ಯರಲ್ಲ. ವೈದ್ಯರ ಜೊತೆಗೂಡಿ ಕೆಲಸ ಮಾಡುವವರು. ಹೀಗೆ ಪ್ರಮಾಣಪತ್ರ ಪಡೆದವರು ಇಂದು ಅಮೆರಿಕದಲ್ಲಿ 1,70,000ಕ್ಕೂ ಹೆಚ್ಚು ಮಂದಿ ಇದ್ದಾರೆ.

ಈ ವೃತ್ತಿ ಹುಟ್ಟಿದ ಬಗೆಯನ್ನು ತಿಳಿಯದೆ, ಪಿಎಗಳಿಗೆ ಡಾಕ್ಟರೇಟ್ ಬೇಕೇ ಎಂಬ ಪ್ರಶ್ನೆಯನ್ನು ಎತ್ತಿಕೊಳ್ಳುವುದು ಸರಿಯಲ್ಲ ಎಂದು ನನ್ನ ಭಾವನೆ. 1960ರ ದಶಕದಲ್ಲಿ ಉತ್ತರ ಕೆರೊಲೈನಾದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಯೂಜೀನ್ ಸ್ಟೆಡ್ ಎಂಬ ವೈದ್ಯರಿದ್ದರು. ವೈದ್ಯರ ಕೊರತೆಯನ್ನು ಕಣ್ಣಾರೆ ಕಾಣುತ್ತಿದ್ದ ಅವರು ಮೊದಲು ಥೆಲ್ಮಾ ಇಂಗಲ್ಸ್ ಎಂಬ ನರ್ಸಿಂಗ್ ಅಧ್ಯಾಪಕಿಯೊಂದಿಗೆ ಸೇರಿ, ಅನುಭವಿ ನರ್ಸ್‌ಗಳಿಗೆ ಹೆಚ್ಚಿನ ವೈದ್ಯಕೀಯ ತರಬೇತಿ ಕೊಡುವ ಒಂದು ಪ್ರಯತ್ನ ಮಾಡಿದ್ದರು. ನರ್ಸಿಂಗ್ ಶಿಕ್ಷಣದ ಮಾನ್ಯತಾ ಸಂಸ್ಥೆ ಅದಕ್ಕೆ ಮಾನ್ಯತೆ ಕೊಡಲಿಲ್ಲ. ಆಗ ಸ್ಟೆಡ್ ಅವರ ಗಮನ ಹೋದದ್ದು ನೌಕಾಪಡೆಯಲ್ಲಿ ಕೆಲಸ ಮಾಡಿ ಹೊರಬಂದ ವೈದ್ಯಕೀಯ ಸಿಬ್ಬಂದಿಯ ಕಡೆಗೆ. ಅಂಥವರು ಗಾಯ ಕಟ್ಟಿದವರು, ರಕ್ತಸ್ರಾವ ನಿಲ್ಲಿಸಿದವರು, ವೈದ್ಯರಿಲ್ಲದ ಜಾಗದಲ್ಲಿ ತೀರ್ಮಾನ ತೆಗೆದುಕೊಂಡವರು. ಸೇನೆಯಿಂದ ಹೊರಬಂದ ಮರುದಿನ ಅವರ ಆ ಎಲ್ಲ ಕೈಚಳಕಕ್ಕೆ ನಾಗರಿಕ ಆಸ್ಪತ್ರೆಯಲ್ಲಿ ಒಂದು ಹುದ್ದೆಯ ಹೆಸರೂ ಇರಲಿಲ್ಲ. 1965ರಲ್ಲಿ ಅಂಥ ನಾಲ್ವರೊಂದಿಗೆ ಕಾರ್ಯಕ್ರಮ ಶುರುವಾಯಿತು; 1967ರ ಅಕ್ಟೋಬರ್ 6ರಂದು ಮೂವರು ಅದನ್ನು ಮುಗಿಸಿದರು. ಅವರಿಗೆ ದೊರೆತದ್ದು ಪದವಿಯಲ್ಲ, ಒಂದು ಪ್ರಮಾಣಪತ್ರ.

ಅಂದರೆ, ಒಂದು ಕಡೆ ಪದವಿಯ ಗೋಡೆಗೆ ತಲೆ ತಾಗಿಸಿಕೊಂಡ ಮೇಲೆ, ಕೈಯಲ್ಲಿ ಕೆಲಸವಿದ್ದೂ ಕಾಗದವಿಲ್ಲದವರಿಗಾಗಿ ತೆರೆದ ಬಾಗಿಲು ಇದು. ಕಲಿತದ್ದನ್ನು ತ್ವರಿತವಾಗಿ, ಆದರೆ ಗಟ್ಟಿಯಾಗಿ ಕಲಿತು, ರೋಗಿ ಕಾಯುತ್ತಿರುವ ಜಾಗಕ್ಕೆ ಹೋಗಬೇಕು ಎಂಬುದೇ ಇದರ ಮೂಲ ಉದ್ದೇಶ. ಎರಡನೇ ಮಹಾಯುದ್ಧದ ಕಾಲದಲ್ಲಿ ವೈದ್ಯರನ್ನು ಅವಸರವಾಗಿ ತಯಾರಿಸಲು ಪಠ್ಯವನ್ನು ಮೂರು ವರ್ಷಕ್ಕೆ ಇಳಿಸಿದ ಅನುಭವವೂ ಸ್ಟೆಡ್ ಅವರ ಆಲೋಚನೆಯ ಹಿಂದೆ ಇತ್ತು.

ಅಲ್ಲಿಂದ ಮುಂದಿನ ಐವತ್ತು ವರ್ಷಗಳಲ್ಲಿ ನಮ್ಮ ಕಾಗದ ಒಂದೊಂದೇ ಮೆಟ್ಟಿಲು ಹತ್ತಿತು. ಪ್ರಮಾಣಪತ್ರ ಹೋಗಿ ಸ್ನಾತಕ ಪದವಿ ಬಂತು, ಅದು ಹೋಗಿ ಸ್ನಾತಕೋತ್ತರ ಪದವಿ ಬಂತು. ಕೊನೆಗೆ 2020 ಮುಗಿಯುವುದರೊಳಗೆ ದೇಶದ ಎಲ್ಲ ಪಿಎ ಕಾರ್ಯಕ್ರಮಗಳೂ ಸ್ನಾತಕೋತ್ತರ ಪದವಿಯನ್ನೇ ಕೊಡಬೇಕು ಎಂದು ಮಾನ್ಯತಾ ಸಂಸ್ಥೆ ಗಡುವು ಹಾಕಿತು. ಸ್ನಾತಕೋತ್ತರ ಪದವಿ ಕೊಡುವ ಅಧಿಕಾರವಿಲ್ಲದ ಕಮ್ಯುನಿಟಿ ಕಾಲೇಜುಗಳಲ್ಲಿ ನಡೆಯುತ್ತಿದ್ದ ಹಳೆಯ ಕಾರ್ಯಕ್ರಮಗಳು ವಿಶ್ವವಿದ್ಯಾಲಯಗಳ ಜೊತೆ ಒಪ್ಪಂದ ಮಾಡಿಕೊಳ್ಳಬೇಕಾಯಿತು, ಇಲ್ಲವೇ ಬಾಗಿಲು ಮುಚ್ಚಬೇಕಾಯಿತು. ನನಗೆ ಮೊದಲು ಹೊಲಿಗೆ ಹಾಕಲು ಕಲಿಸಿದ ಹಿರಿಯ ಪಿಎ ಒಬ್ಬರ ಬಳಿ ಇದ್ದದ್ದು ಬರೀ ಪ್ರಮಾಣಪತ್ರ. ನನ್ನ ಬಳಿ ಸ್ನಾತಕೋತ್ತರ ಪದವಿಯಿತ್ತು. ತುಟಿಯ ಅಂಚು ಹರಿದ ಮಗುವಿಗೆ ಮೊದಲ ಹೊಲಿಗೆಯನ್ನು ತುಟಿಯ ಕೆಂಪು ಭಾಗವೂ ಚರ್ಮವೂ ಕೂಡುವ ಗೆರೆಗೇ ಹಾಕಬೇಕು, ಅದು ಕೂದಲೆಳೆಯಷ್ಟು ತಪ್ಪಿದರೂ ಆ ಮಗುವಿನ ಮುಖದಲ್ಲಿ ಜೀವನಪೂರ್ತಿ ಕಾಣುತ್ತದೆ ಎಂದು ಅವರು ಹೇಳುತ್ತ, ನನ್ನ ಕೈಯ ಮೇಲೆ ಕೈಯಿಟ್ಟು ಸೂಜಿಯ ಕೋನವನ್ನು ತಿದ್ದಿದ್ದು ಕಣ್ಣಿಗೆ ಕಟ್ಟಿದಂತಿದೆ.

ಸ್ನಾತಕೋತ್ತರದ ಮೇಲಿನ ಮೆಟ್ಟಿಲಿನ ಮಾತು ಹೊಸದೇನಲ್ಲ. ನಾನು ವಿದ್ಯಾರ್ಥಿಯಾಗಿದ್ದಾಗಲೇ, 2009ರ ಮಾರ್ಚ್‌ನಲ್ಲಿ, ಅಟ್ಲಾಂಟಾದಲ್ಲಿ ವೃತ್ತಿಯ ಪ್ರಮುಖರು ಇದೇ ಪ್ರಶ್ನೆಗಾಗಿ ಸೇರಿದ್ದರು. ಸ್ನಾತಕೋತ್ತರ ಪದವಿಯೇ ಸಾಕು, ವೃತ್ತಿಗೆ ಪ್ರವೇಶಿಸಲು ಡಾಕ್ಟರೇಟ್ ಕಡ್ಡಾಯ ಮಾಡುವುದನ್ನು ವಿರೋಧಿಸಬೇಕು ಎಂಬ ಶಿಫಾರಸಿನೊಂದಿಗೆ ಆ ಸಭೆ ಮುಗಿಯಿತು. ಆದರೆ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಕೆಲವೇ ವರ್ಷಗಳಲ್ಲಿ, ಈಗಾಗಲೇ ಕೆಲಸದಲ್ಲಿರುವ ಪಿಎಗಳಿಗೆಂದೇ ಡಾಕ್ಟರ್ ಆಫ್ ಮೆಡಿಕಲ್ ಸೈನ್ಸ್ ಪದವಿಗಳು ಬಂದವು. ವರ್ಜೀನಿಯಾದ ಲಿಂಚ್‌ಬರ್ಗ್, ಟೆನೆಸಿಯ ಲಿಂಕನ್ ಮೆಮೋರಿಯಲ್ ಮುಂತಾದ ವಿಶ್ವವಿದ್ಯಾಲಯಗಳು ಮುಂದೆ ಬಂದವು, ಅವುಗಳ ಹಿಂದೆ ಇನ್ನೂ ಹಲವು. ಬಹುಪಾಲು ಪಾಠ ಆನ್‌ಲೈನ್. ಕೆಲಸ ಬಿಡದೆ ಒಂದೆರಡು ವರ್ಷದಲ್ಲಿ ಮುಗಿಸಬಹುದು.

ಅಕ್ಕಪಕ್ಕದ ವೃತ್ತಿಗಳನ್ನು ನೋಡಿದರೆ ಈ ಸೆಳೆತ ಎಲ್ಲಿಂದ ಬರುತ್ತದೆಂದು ತಿಳಿಯುತ್ತದೆ. ಔಷಧ ವಿಜ್ಞಾನದವರು 2000ದ ಹೊತ್ತಿಗೆ ಡಾಕ್ಟರೇಟನ್ನೇ ಪ್ರವೇಶದ ಪದವಿಯಾಗಿ ಮಾಡಿಕೊಂಡರು. ಫಿಸಿಯೋಥೆರಪಿ 2015ರ ಕೊನೆಗೆ ಆ ಗಡಿ ದಾಟಿತು. ಅರಿವಳಿಕೆ ಕೊಡುವ ನರ್ಸ್‌ಗಳ ಕಾರ್ಯಕ್ರಮಗಳಿಗೆ 2022ರಿಂದ ಹೊಸದಾಗಿ ಸೇರುವವರೆಲ್ಲ ಡಾಕ್ಟರೇಟ್ ಹಾದಿಯಲ್ಲೇ ಇರಬೇಕು. ನಮ್ಮ ಜೊತೆಗೇ ಒಂದೇ ಬಗೆಯ ಹುದ್ದೆಗಳಿಗೆ ಅರ್ಜಿ ಹಾಕುವ ನರ್ಸ್ ಪ್ರಾಕ್ಟೀಷನರ್‌ಗಳ, ಎಂದರೆ ಹೆಚ್ಚಿನ ಶಿಕ್ಷಣ ಪಡೆದು ರೋಗ ಗುರುತಿಸಿ ಔಷಧ ಬರೆಯುವ ನರ್ಸ್‌ಗಳ ವಿಷಯದಲ್ಲಿ, 2015ರೊಳಗೆ ಡಾಕ್ಟರೇಟಿಗೆ ಹೋಗೋಣ ಎಂದು ನರ್ಸಿಂಗ್ ಕಾಲೇಜುಗಳ ಸಂಘ 2004ರಲ್ಲಿ ಹೇಳಿತ್ತು. ಆ ಗಡುವು ಎಂದೋ ದಾಟಿಹೋಗಿದೆ, ಅವರಲ್ಲಿ ಹೆಚ್ಚಿನವರ ಕೈಯಲ್ಲಿ ಇಂದಿಗೂ ಇರುವುದು ಸ್ನಾತಕೋತ್ತರ ಪದವಿಯೇ. ಹಿಂದಕ್ಕೆ ಹೆಜ್ಜೆ ಇಟ್ಟವರೂ ಇದ್ದಾರೆ. ದಿನನಿತ್ಯದ ಕೆಲಸಗಳನ್ನು ಮತ್ತೆ ಮಾಡಿಕೊಳ್ಳಲು ರೋಗಿಗೆ ನೆರವಾಗುವ ಆಕ್ಯುಪೇಷನಲ್ ಥೆರಪಿಯವರು 2027ರಿಂದ ಡಾಕ್ಟರೇಟ್ ಕಡ್ಡಾಯ ಎಂದು 2017ರಲ್ಲಿ ಘೋಷಿಸಿ, ತಮ್ಮವರಿಂದಲೇ ತೀವ್ರ ವಿರೋಧ ಬಂದ ಮೇಲೆ ಎರಡೇ ವರ್ಷದಲ್ಲಿ ಎರಡೂ ಪದವಿಗಳಿಗೆ ಅವಕಾಶ ಉಳಿಸಿಕೊಂಡರು. ನಡೆಯುತ್ತಿದೆ ಎಂಬ ಮಾತ್ರಕ್ಕೆ ನಡೆಯಲೇಬೇಕು ಎಂದಿಲ್ಲ ಎಂಬುದಕ್ಕೆ ಅವರ ಉದಾಹರಣೆಯನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ.

ಡಾಕ್ಟರೇಟ್ ಬೇಕು ಎನ್ನುವವರ ಮಾತನ್ನು ಹಗುರವಾಗಿ ತೆಗೆದುಕೊಳ್ಳಲು ನನಗೆ ಮನಸ್ಸಿಲ್ಲ. ಅವರಲ್ಲಿ ನನ್ನ ಸ್ನೇಹಿತರಿದ್ದಾರೆ, ನನಗಿಂತ ಜಾಣರಿದ್ದಾರೆ. ಒಬ್ಬ ಗೆಳತಿ ಪಿಎ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ವಿಶ್ವವಿದ್ಯಾಲಯದ ಸಭೆಗಳಲ್ಲಿ ಫಿಸಿಯೋಥೆರಪಿಯವರು, ಔಷಧ ವಿಜ್ಞಾನದವರು, ನರ್ಸಿಂಗ್‌ನವರು ಎಲ್ಲರೂ ಡಾಕ್ಟರೇಟ್ ಹೊಂದಿರುವಾಗ, ಬಡ್ತಿಯ ಪಟ್ಟಿಯಲ್ಲಿ ತನ್ನ ಹೆಸರು ಪ್ರತಿ ಸಲವೂ ಕೆಳಗೇ ಉಳಿಯುತ್ತದೆ ಎಂದು ಅವಳು ಹೇಳಿದಾಗ ಅವಳ ದನಿಯಲ್ಲಿದ್ದುದು ಆಸೆಯಲ್ಲ, ದಣಿವು. ಸಂಶೋಧನೆಗೆ ಅನುದಾನ ಕೇಳುವಾಗ, ಆಸ್ಪತ್ರೆಯ ಆಡಳಿತ ಮಂಡಳಿಯಲ್ಲಿ ಕೂರುವಾಗ, ಸರ್ಕಾರದ ಸಮಿತಿಯ ಮುಂದೆ ಮಾತಾಡುವಾಗ 'ಡಾ.' ಎಂಬ ಬಿರುದಿಗೆ ಬೆಲೆಯಿದೆ ಎಂಬುದು ನಿಜ. ಪಾಠ ಮಾಡುವ ಕೆಲಸ ಹಿಡಿದವರು ಡಾಕ್ಟರೇಟ್ ಮಾಡಲಿ. ಅದು ಆ ಕೆಲಸದ ಸಲಕರಣೆ. ಅವಳಿಗೆ ಶಿಫಾರಸು ಪತ್ರ ಬರೆದುಕೊಟ್ಟವಳು ನಾನೇ.

ನನಗೆ ಒಪ್ಪಿಗೆಯಾಗದಿರುವುದು ಬೇರೆ ಮಾತು: ರೋಗಿಯ ಪಕ್ಕದಲ್ಲಿ ನಿಂತು ಕೆಲಸ ಮಾಡುವ ಪಿಎಗಳೆಲ್ಲರೂ ಆ ಕಡೆಗೆ ಹೋಗಬೇಕು, ಇವತ್ತಲ್ಲದಿದ್ದರೆ ನಾಳೆ ಅದೇ ಪ್ರವೇಶದ ಪದವಿಯಾಗಬೇಕು ಎಂಬ ಮಾತು. ಇದಕ್ಕೆ ನನ್ನ ಕಾರಣವನ್ನು ಹೇಳಬೇಕಾದರೆ ನನ್ನ ಮೊದಲ ವರ್ಷದ ಒಬ್ಬ ರೋಗಿಯ ಬಗ್ಗೆ ಹೇಳಲೇಬೇಕು.

ಕೆಲಸಕ್ಕೆ ಸೇರಿ ನಾಲ್ಕನೇ ತಿಂಗಳು. ಐವತ್ತು ದಾಟಿದ ಒಬ್ಬರು ಬೆನ್ನುನೋವೆಂದು ಬಂದರು. ಉಗ್ರಾಣದಲ್ಲಿ ಕೆಲಸ, ಭಾರ ಎತ್ತುವುದು ದಿನನಿತ್ಯದ ಮಾತು, ಐದು ದಿನದಿಂದ ನೋವು. ಸಕ್ಕರೆ ಕಾಯಿಲೆ ಇತ್ತು. ಮೈ ತುಸು ಬೆಚ್ಚಗಿತ್ತು, ಜ್ವರವೆಂದು ಬರೆಯುವಷ್ಟಲ್ಲ. ಮೊಣಕಾಲಿನ ಪ್ರತಿವರ್ತನೆ ನೋಡಲು ಕಾಲುಚೀಲ ಕೆಳಗೆ ಸರಿಸುವಾಗ, ಕಣಕಾಲಿನ ಮೇಲೆ ಒಣಗುತ್ತಿದ್ದ ಒಂದು ಹುಣ್ಣು ಕಂಡಿತು. ಎರಡು ವಾರದ ಹಿಂದೆ ಕುರು ಎದ್ದಿತ್ತು, ಈಗ ವಾಸಿಯಾಯಿತು ಎಂದರು. ಹೊರಗೆ ಹನ್ನೆರಡು ಮಂದಿ ಕಾಯುತ್ತಿದ್ದರು. ಪಾಳಿಯ ವೈದ್ಯರು ಹೃದಯ ನಿಂತುಹೋದ ರೋಗಿಯ ಬಳಿ ಇದ್ದರು. ಸ್ನಾಯು ಸೆಳೆತ ಎಂದು ಬರೆದು, ನೋವಿನ ಮಾತ್ರೆ ಕೊಟ್ಟು, ಭಾರ ಎತ್ತಬೇಡಿ ಎಂದು ಹೇಳಿ ಅವರನ್ನು ಮನೆಗೆ ಕಳಿಸಿದೆ.

ಎರಡು ದಿನದ ಮೇಲೆ ಅವರನ್ನು ಆಂಬುಲೆನ್ಸಿನಲ್ಲಿ ತಂದರು. ಕಾಲಲ್ಲಿ ನಿಲ್ಲಲು ಆಗುತ್ತಿರಲಿಲ್ಲ, ಮೂತ್ರ ಕಟ್ಟಿತ್ತು. ಎಂಆರ್‌ಐಯಲ್ಲಿ ಬೆನ್ನುಹುರಿಯ ಸುತ್ತ ಕೀವು ತುಂಬಿಕೊಂಡು ಹುರಿಯನ್ನು ಒತ್ತುತ್ತಿರುವುದು ಕಂಡಿತು. ಕಣಕಾಲಿನ ಆ ಹುಣ್ಣಿನಿಂದ ಹೊರಟ ಸೋಂಕು ರಕ್ತದಲ್ಲಿ ತೇಲಿ ಬೆನ್ನಿಗೆ ಬಂದು ನೆಲೆಸಿತ್ತು. ದೊಡ್ಡ ಆಸ್ಪತ್ರೆಗೆ ಸಾಗಿಸಿದರು, ಅದೇ ರಾತ್ರಿ ಶಸ್ತ್ರಚಿಕಿತ್ಸೆ ಆಯಿತು. ಅವರು ಬದುಕಿದರು, ತಿಂಗಳುಗಳ ನಂತರ ಕೋಲು ಹಿಡಿದು ನಡೆದರು. ಎಡಪಾದ ಮಾತ್ರ ಮೊದಲಿನಂತೆ ಮೇಲೇಳಲಿಲ್ಲ.

ಆ ರೋಗದ ಹೆಸರು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಬೆನ್ನುನೋವು, ಜ್ವರ, ಕಾಲಿನ ದೌರ್ಬಲ್ಯ ಈ ಮೂರೂ ಸೇರಿದರೆ ಏನೆಂದು ಯಾವ ವಿದ್ಯಾರ್ಥಿಯನ್ನು ಕೇಳಿದರೂ ಹೇಳುತ್ತಾನೆ. ಸಕ್ಕರೆ ಕಾಯಿಲೆಯೂ ಚರ್ಮದ ಸೋಂಕೂ ಅದರ ಅಪಾಯವನ್ನು ಹೆಚ್ಚಿಸುತ್ತವೆ ಎಂಬುದನ್ನೂ ಓದಿದ್ದೆ. ಆದರೆ ಪುಸ್ತಕದಲ್ಲಿ ಮೂರೂ ಲಕ್ಷಣಗಳು ಒಟ್ಟಿಗೆ ಸಾಲಾಗಿ ನಿಂತಿರುತ್ತವೆ. ರೋಗಿಯಲ್ಲಿ ಅವು ಒಂದೊಂದಾಗಿ, ದಿನಗಳ ಅಂತರದಲ್ಲಿ ಬರುತ್ತವೆ, ಮೂರೂ ಕೂಡುವ ಹೊತ್ತಿಗೆ ತಡವಾಗಿರುತ್ತದೆ. ಕಣ್ಣೆದುರಿಗಿದ್ದ ಹುಣ್ಣನ್ನೂ ಬೆನ್ನಿನ ನೋವನ್ನೂ ನನ್ನ ಮನಸ್ಸು ಒಂದಕ್ಕೊಂದು ಸೇರಿಸಲಿಲ್ಲ. ಗೊತ್ತಿದ್ದದ್ದು ಬೇಕಾದ ಗಳಿಗೆಯಲ್ಲಿ ಹೊಳೆಯಲಿಲ್ಲ.

ಮರುವಾರ ನಮ್ಮ ವಿಭಾಗದ ಹಿರಿಯ ವೈದ್ಯರು ಪಾಳಿ ಮುಗಿದ ಮೇಲೆ ನನ್ನನ್ನು ಕೂರಿಸಿಕೊಂಡು ಆ ಕಡತವನ್ನು ಪುಟ ಪುಟವಾಗಿ ತಿರುವಿದರು. ಬಯ್ಯಲಿಲ್ಲ. ಮೂರು ಪ್ರಶ್ನೆ ಕೇಳಿದರು. ಸಕ್ಕರೆ ಕಾಯಿಲೆಯವರ ಮೈ ಬೆಚ್ಚಗಿದ್ದರೆ ಅದು ಎಲ್ಲಿಂದ ಬಂತೆಂದು ಹುಡುಕಿದೆಯಾ? ಹುಣ್ಣು ಕಂಡಾಗ ಏನನ್ನಿಸಿತು? ಅವರನ್ನು ಹಾಸಿಗೆಯಿಂದ ಇಳಿಸಿ ನಡೆಸಿ ನೋಡಿದೆಯಾ? ಮೂರನೆಯದಕ್ಕೆ ನನ್ನಲ್ಲಿ ಮಾತೇ ಇರಲಿಲ್ಲ. ಅಂದಿನಿಂದ ಇಂದಿನವರೆಗೆ, ಬೆನ್ನುನೋವೆಂದು ಬಂದ ಯಾರನ್ನೂ ಮೊದಲು ಹಿಮ್ಮಡಿಯ ಮೇಲೆ, ಆಮೇಲೆ ತುದಿಗಾಲಿನ ಮೇಲೆ ನಾಲ್ಕು ಹೆಜ್ಜೆ ನಡೆಸದೆ ನಾನು ಮನೆಗೆ ಕಳಿಸಿಲ್ಲ. ಅರ್ಧ ನಿಮಿಷದ ಕೆಲಸ ಅದು. ಆ ಸಂಜೆಯ ನಲವತ್ತು ನಿಮಿಷದಲ್ಲಿ ಕಲಿತಷ್ಟನ್ನು ನಾನು ಯಾವ ಸೆಮಿಸ್ಟರಿನಲ್ಲಿಯೂ ಕಲಿತಿಲ್ಲ.

ಅರ್ಜಿಯ ಪ್ರಶ್ನೆಯ ಮುಂದೆ ಕುಳಿತಾಗ ನನಗೆ ನೆನಪಾದವರು ಈ ರೋಗಿಯೇ. ಕಾರ್ಯಕ್ರಮದ ಪಠ್ಯಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ನೋಡಿದೆ: ನಾಯಕತ್ವ, ಆರೋಗ್ಯ ನೀತಿ, ಸಂಶೋಧನಾ ಪ್ರಬಂಧಗಳನ್ನು ಓದಿ ತೂಗುವುದು, ವಿಪತ್ತು ನಿರ್ವಹಣೆ, ಕೊನೆಯಲ್ಲೊಂದು ಬರವಣಿಗೆಯ ಯೋಜನೆ. ಒಂದೂ ಕೆಟ್ಟ ವಿಷಯವಲ್ಲ. ಸಂಶೋಧನೆಯನ್ನು ತೂಗಿ ನೋಡುವ ಶಕ್ತಿ ನಮ್ಮಲ್ಲಿ ಅನೇಕರಿಗೆ ಕಡಿಮೆಯಿದೆ ಎಂಬುದನ್ನೂ ಒಪ್ಪುತ್ತೇನೆ. ಆದರೆ ಇವುಗಳಲ್ಲಿ ಯಾವುದು ಆ ರಾತ್ರಿ ನನ್ನನ್ನು ತಡೆದು ನಿಲ್ಲಿಸಿ, ಆ ಹುಣ್ಣಿನ ಕಡೆ ಇನ್ನೊಮ್ಮೆ ನೋಡು ಎನ್ನುತ್ತಿತ್ತು? ನಾಲ್ಕನೇ ತಿಂಗಳಿನ ಪಿಎಗೆ ಬೇಕಾಗಿದ್ದದ್ದು ಪಕ್ಕದಲ್ಲಿ ನಿಂತು ಕೇಳುವ ಒಬ್ಬ ಮನುಷ್ಯ.

ಪ್ರವೇಶದ ಪದವಿಯನ್ನೇ ಡಾಕ್ಟರೇಟ್ ಮಾಡಿ, ಕಲಿಕೆಯ ಅವಧಿಯನ್ನು ಹೆಚ್ಚಿಸಿ, ಆ ಹೆಚ್ಚಿದ ತಿಂಗಳುಗಳನ್ನು ಆಸ್ಪತ್ರೆಯಲ್ಲೇ ಕಳೆಯುವಂತೆ ಮಾಡಿದರೆ ಆಗದೇ ಎಂದು ಕೇಳಬಹುದು. ರೋಗಿಗಳ ನಡುವಿನ ಸಮಯ ಹೆಚ್ಚಿದರೆ ಒಳ್ಳೆಯದೇ. ಆದರೆ ವಿದ್ಯಾರ್ಥಿಯಾಗಿ ಕಳೆಯುವ ಸಮಯಕ್ಕೂ, ಪರವಾನಗಿ ಪಡೆದು ತೀರ್ಮಾನದ ಹೊಣೆಯನ್ನು ಹೆಗಲ ಮೇಲೆ ಹೊತ್ತು ಕಳೆಯುವ ಸಮಯಕ್ಕೂ ಬಹಳ ವ್ಯತ್ಯಾಸವಿದೆ. ವಿದ್ಯಾರ್ಥಿಗೆ ಹಿಂದೆ ಯಾರೋ ಇದ್ದಾರೆಂದು ಗೊತ್ತಿರುತ್ತದೆ. ಮನೆಗೆ ಕಳಿಸುವ ಕಾಗದಕ್ಕೆ ಸಹಿ ಹಾಕುವ ಕೈ ಅವನದಲ್ಲ. ಜೊತೆಗೆ, ವಿದ್ಯಾರ್ಥಿ ಆ ತಿಂಗಳುಗಳಿಗೆ ಶುಲ್ಕ ಕಟ್ಟುತ್ತಾನೆ.

ಈ ಶುಲ್ಕದ ಮಾತನ್ನು ಬದಿಗಿಟ್ಟು ಈ ಚರ್ಚೆ ಮಾಡುವುದು ನನ್ನಿಂದಾಗದು. ಮೆಡಿಕೇರ್, ಎಂದರೆ ಮುಖ್ಯವಾಗಿ 65 ದಾಟಿದವರ ಸರ್ಕಾರಿ ವಿಮೆ, ಪಿಎ ಮಾಡಿದ ಕೆಲಸಕ್ಕೆ ವೈದ್ಯರ ದರದ ಶೇ. 85ರಷ್ಟು ಹಣ ಕೊಡುತ್ತದೆ. ಪಿಎಗೆ ಪ್ರಮಾಣಪತ್ರವಿರಲಿ, ಸ್ನಾತಕೋತ್ತರ ಪದವಿಯಿರಲಿ, ಡಾಕ್ಟರೇಟ್ ಇರಲಿ, ಆ ಶೇ. 85 ಬದಲಾಗುವುದಿಲ್ಲ. ಆಸ್ಪತ್ರೆಗೆ ಬರುವ ಹಣ ಅಷ್ಟೇ ಆಗಿರುವಾಗ ಹೊಸ ಪದವಿಗೆ ಹೆಚ್ಚಿನ ಸಂಬಳ ಎಲ್ಲಿಂದ ಬರಬೇಕು? ಇತ್ತ ಸಾಲದ ದಾರಿಯೂ ಕಿರಿದಾಗಿದೆ. 2025ರ ಕಾನೂನಿನ ಪ್ರಕಾರ, 2026ರ ಜುಲೈ 1ರಿಂದ ಹೊಸ ವಿದ್ಯಾರ್ಥಿಗಳಿಗೆ ಗ್ರಾಡ್ ಪ್ಲಸ್ ಎಂಬ ಸರ್ಕಾರಿ ಸಾಲ ಇಲ್ಲ. ಸಾಮಾನ್ಯ ಸ್ನಾತಕೋತ್ತರ ವಿದ್ಯಾರ್ಥಿಗೆ ವರ್ಷಕ್ಕೆ 20,500 ಡಾಲರ್, ಒಟ್ಟು 1,00,000 ಡಾಲರ್ ಎಂಬ ಮಿತಿ ಬರುತ್ತದೆ. ಇಂಥ ಹೊತ್ತಿನಲ್ಲಿ ಪ್ರವೇಶದ ಮೆಟ್ಟಿಲನ್ನು ಇನ್ನಷ್ಟು ಎತ್ತರ ಮಾಡಿದರೆ ಯಾರು ಹತ್ತಲಾರದೆ ಹೋಗುತ್ತಾರೆ ಎಂಬುದು ನನಗೆ ಚೆನ್ನಾಗಿ ಗೊತ್ತು. ಈಗ ನನ್ನ ಬಳಿ ತರಬೇತಿಗೆ ಬಂದಿರುವ ವಿದ್ಯಾರ್ಥಿ ಒಂಬತ್ತು ವರ್ಷ ಆಂಬುಲೆನ್ಸಿನಲ್ಲಿ ದುಡಿದವನು. ಇಬ್ಬರು ಮಕ್ಕಳು, ಮನೆಯ ಸಾಲ, ವಯಸ್ಸು ಮೂವತ್ತಾರು. ಉಸಿರಾಟ ಕೆಡುತ್ತಿರುವ ರೋಗಿಯನ್ನು ಬಾಗಿಲಲ್ಲಿ ನಿಂತೇ ಗುರುತಿಸುತ್ತಾನೆ. ಸ್ಟೆಡ್ ಅವರು 1965ರಲ್ಲಿ ಹುಡುಕಿದ್ದು ಇಂಥವನನ್ನೇ. ಇನ್ನೊಂದು ವರ್ಷ ಸಂಬಳವಿಲ್ಲದೆ ಓದಬೇಕೆಂದಿದ್ದರೆ ಬರುತ್ತಿದ್ದೆಯಾ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಇಲ್ಲ ಎಂದು ತಲೆಯಾಡಿಸಿದ.

ಗೌರವದ ಪ್ರಶ್ನೆ ಇದೆಯಲ್ಲ, ಅದು ಹಣಕ್ಕಿಂತ ಸೂಕ್ಷ್ಮ. ಅಸಿಸ್ಟೆಂಟ್ ಎಂಬ ಶಬ್ದ ನಮ್ಮವರನ್ನು ಬಹುಕಾಲದಿಂದ ಚುಚ್ಚುತ್ತಿದೆ. 2021ರಲ್ಲಿ ನಮ್ಮ ರಾಷ್ಟ್ರೀಯ ಸಂಘ ವೃತ್ತಿಯ ಹೆಸರನ್ನು ಫಿಸಿಷಿಯನ್ ಅಸೋಸಿಯೇಟ್ ಎಂದು ಬದಲಿಸಲು ತೀರ್ಮಾನಿಸಿತು. 2024ರಲ್ಲಿ ಆರೆಗನ್ ರಾಜ್ಯ ಅದನ್ನು ಕಾನೂನಿಗೆ ತಂದಿತು. ಬ್ರಿಟನ್ನಿನಲ್ಲಿ ಅದೇ ಹೆಸರು ಹಲವು ವರ್ಷ ಬಳಕೆಯಲ್ಲಿದ್ದ ಮೇಲೆ, ರೋಗಿಗಳು ಅವರನ್ನು ವೈದ್ಯರೆಂದು ತಪ್ಪು ತಿಳಿಯುತ್ತಿದ್ದಾರೆ ಎಂಬ ದೊಡ್ಡ ವಿವಾದವೆದ್ದು, 2025ರ ಜುಲೈನಲ್ಲಿ ಅಲ್ಲಿನ ಸರ್ಕಾರದ ಕೋರಿಕೆಯಂತೆ ಬಂದ ಲೆಂಗ್ ವರದಿ ಮತ್ತೆ ಅಸಿಸ್ಟೆಂಟ್ ಎಂದೇ ಕರೆಯಬೇಕೆಂದು ಶಿಫಾರಸು ಮಾಡಿತು. ಒಂದು ಶಬ್ದಕ್ಕೆ ಇಷ್ಟು ಹೊಯ್ದಾಟವಾದರೆ, 'ಡಾ.' ಎಂಬುದಕ್ಕೆ ಎಷ್ಟಾಗಬಹುದು?

ಡಾಕ್ಟರ್ ಎಂಬ ಮಾತಿನ ಲ್ಯಾಟಿನ್ ಮೂಲಕ್ಕೆ ಕಲಿಸುವವನು ಎಂದೇ ಅರ್ಥ. ಕನ್ನಡದಲ್ಲಿ ನಾವು ಸಾಹಿತ್ಯ ಸಂಶೋಧಕರ ಹೆಸರಿನ ಹಿಂದೆ 'ಡಾ.' ಬರೆಯುತ್ತೇವೆ, ಅದರಲ್ಲಿ ಯಾರಿಗೂ ಗೊಂದಲವಿಲ್ಲ, ಏಕೆಂದರೆ ಅವರು ವೇದಿಕೆಯ ಮೇಲೆ ಇರುತ್ತಾರೆ, ಹಾಸಿಗೆಯ ಪಕ್ಕದಲ್ಲಿ ಅಲ್ಲ. ಅದೇ ಶಬ್ದ ಆಸ್ಪತ್ರೆಯ ಪರದೆಯೊಳಗೆ ಬಂದಾಗ ಅದಕ್ಕೆ ಒಂದೇ ಅರ್ಥ ಉಳಿಯುತ್ತದೆ. ಕ್ಯಾಲಿಫೋರ್ನಿಯದಂಥ ರಾಜ್ಯಗಳಲ್ಲಿ, ವೈದ್ಯರಲ್ಲದವರು ವೈದ್ಯರೆಂಬ ಭಾವನೆ ಬರುವಂತೆ ಆ ಬಿರುದನ್ನು ಬಳಸುವುದನ್ನು ಕಾನೂನೇ ನಿರ್ಬಂಧಿಸಿದೆ. ಎಷ್ಟೋ ರೋಗಿಗಳು ನನ್ನನ್ನು ಡಾಕ್ಟರ್ ಎಂದು ಕರೆಯುತ್ತಾರೆ. ನಾನು ಪ್ರತಿ ಸಲವೂ ತಿದ್ದುತ್ತೇನೆ: ನಾನು ಪಿಎ, ವೈದ್ಯರ ಜೊತೆ ಕೆಲಸ ಮಾಡುತ್ತೇನೆ, ಬೇಕಾದರೆ ಅವರನ್ನು ಕರೆಯುತ್ತೇನೆ. ಎದೆನೋವಿನಿಂದ ಬಂದ ಒಬ್ಬ ಅಜ್ಜಿ ಈ ಮಾತು ಕೇಳಿ ನನ್ನ ಕೈ ಹಿಡಿದು, ಹಾಗಾದರೆ ಎರಡು ತಲೆ ನನಗಾಗಿ ಯೋಚಿಸುತ್ತಿವೆ ಎಂದಾಯಿತು ಎಂದರು. ಡಾಕ್ಟರೇಟ್ ಪಡೆದ ಮೇಲೆ ಇದೇ ಮಾತನ್ನು ಅವರಿಗೆ ನಾನು ಹೇಗೆ ಹೇಳಬೇಕಿತ್ತು? ನಾನು ಡಾಕ್ಟರ್, ಆದರೆ ಡಾಕ್ಟರ್ ಅಲ್ಲ, ಎಂದೇ?

ಕಾನೂನಿನ ಬಲಕ್ಕೂ ಪದವಿಗೂ ಇರುವ ನಂಟನ್ನು ನಮ್ಮವರು ದೊಡ್ಡದು ಮಾಡಿ ನೋಡುತ್ತಾರೆ ಎಂದೂ ನನಗನ್ನಿಸುತ್ತದೆ. ಅರ್ಧಕ್ಕೂ ಹೆಚ್ಚು ರಾಜ್ಯಗಳಲ್ಲಿ ನರ್ಸ್ ಪ್ರಾಕ್ಟೀಷನರ್‌ಗಳು ಸ್ವತಂತ್ರವಾಗಿ ಕೆಲಸ ಮಾಡುವ ಹಕ್ಕು ಗಳಿಸಿದ್ದು ಅವರಲ್ಲಿ ಬಹುಪಾಲು ಜನ ಸ್ನಾತಕೋತ್ತರ ಪದವಿಯವರಾಗಿದ್ದಾಗಲೇ. ಅದನ್ನು ಗಳಿಸಿಕೊಟ್ಟದ್ದು ಸಂಘಟನೆ, ಶಾಸಕರ ಬಾಗಿಲಿಗೆ ವರ್ಷಗಟ್ಟಲೆ ನಡೆದ ನಡಿಗೆ.

ಹಾಗಾದರೆ ಪಿಎಗಳ ಡಾಕ್ಟರೇಟಿನಲ್ಲಿ ನನಗೆ ಇಷ್ಟವಾದದ್ದು ಯಾವುದೂ ಇಲ್ಲವೇ? ಒಂದಿದೆ. ಅಮೆರಿಕದ ಸೇನೆಯೂ ಬೇಲರ್ ವಿಶ್ವವಿದ್ಯಾಲಯವೂ ಸೇರಿ ನಡೆಸುವ ತುರ್ತು ಚಿಕಿತ್ಸೆಯ ಡಾಕ್ಟರೇಟ್ ಅದು. ಅಲ್ಲಿ ಪದವಿ ಬರುವುದು 18 ತಿಂಗಳ ರೆಸಿಡೆನ್ಸಿಯ ಕೊನೆಯಲ್ಲಿ. ಹಗಲು ರಾತ್ರಿ ಆಸ್ಪತ್ರೆಯಲ್ಲಿ, ಹಿರಿಯರ ಕಣ್ಣಳತೆಯಲ್ಲಿ, ಸೇನೆಯ ಸಂಬಳ ಪಡೆಯುತ್ತಲೇ ಕಲಿಯುತ್ತಾರೆ. ಆ ಕಾಗದದ ಹಿಂದೆ ಕೈಯ ಕೆಲಸವಿದೆ. ಪದವಿಯ ಮಾತಿಲ್ಲದ ರೆಸಿಡೆನ್ಸಿಗಳೂ ಹಳೆಯವೇ. ನ್ಯೂಯಾರ್ಕಿನ ಮಾಂಟೆಫಿಯೋರ್ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗೆಂದು ಪಿಎಗಳಿಗೆ ಅಂಥ ತರಬೇತಿ 1971ರಲ್ಲೇ ಶುರುವಾಗಿತ್ತು. ಸಾಮಾನ್ಯವಾಗಿ ಒಂದು ವರ್ಷ, ಸಂಬಳ ಕಡಿಮೆ, ಆದರೆ ಸಂಬಳವಂತೂ ಇದೆ. ಸೀಟುಗಳು ಮಾತ್ರ ಹೊರಬರುವ ಪಿಎಗಳ ಸಂಖ್ಯೆಗೆ ಹೋಲಿಸಿದರೆ ತೀರ ಕಡಿಮೆ. ಅಷ್ಟೇ ಅಲ್ಲದೆ, 2011ರಿಂದ ನಮ್ಮ ಪ್ರಮಾಣೀಕರಣ ಸಂಸ್ಥೆ ತುರ್ತು ಚಿಕಿತ್ಸೆ, ಮನೋವೈದ್ಯ, ಮೂತ್ರಪಿಂಡ ಮುಂತಾದ ವಿಭಾಗಗಳಲ್ಲಿ ಅನುಭವವನ್ನೂ ಪರೀಕ್ಷೆಯನ್ನೂ ಕೂಡಿಸಿ ಹೆಚ್ಚುವರಿ ಅರ್ಹತೆಯ ಪ್ರಮಾಣಪತ್ರ ಕೊಡುತ್ತಿದೆ. ನಾನು ತುರ್ತು ಚಿಕಿತ್ಸೆಯದನ್ನು ಪಡೆದಿದ್ದೇನೆ. ಆ ಓದು ಕಷ್ಟದ್ದಾಗಿತ್ತು, ಆದರೆ ಅದರ ಪ್ರತಿ ಪುಟವೂ ಮರುದಿನದ ಪಾಳಿಯಲ್ಲಿ ಕೆಲಸಕ್ಕೆ ಬಂತು.

ಡಾಕ್ಟರೇಟಿನ ಚರ್ಚೆಗೆ ವೃತ್ತಿ ಖರ್ಚು ಮಾಡುತ್ತಿರುವ ಹುರುಪಿನಲ್ಲಿ ಅರ್ಧದಷ್ಟನ್ನಾದರೂ ಕೆಲಸದ ಮೊದಲ ವರ್ಷದ ಕಡೆಗೆ ತಿರುಗಿಸಬೇಕೆಂಬುದು ನನ್ನ ಬೇಡಿಕೆ. ವೈದ್ಯರಿಗೆ ಕಾಲೇಜು ಮುಗಿದ ಮೇಲೆ ಕನಿಷ್ಠ ಮೂರು ವರ್ಷ ಯಾರೋ ಬೆನ್ನಿಗಿರುತ್ತಾರೆ. ನಮ್ಮಲ್ಲಿ ಅನೇಕರಿಗೆ ಎರಡು ವಾರ ಪರಿಚಯದ ಪಾಳಿ, ಮೂರನೇ ವಾರದಿಂದ ರೋಗಿಗಳ ಪೂರ್ತಿ ಪಟ್ಟಿ. ಆ ಕೊರತೆಯನ್ನು ಮುಂಚೆಯೇ ಒಂದು ವರ್ಷ ಹೆಚ್ಚು ಓದಿಸಿ ತುಂಬಲು ಬರುವುದಿಲ್ಲ, ಹತ್ತು ವರ್ಷದ ನಂತರ ಆನ್‌ಲೈನಿನಲ್ಲಿ ಓದಿಸಿಯೂ ತುಂಬಲು ಬರುವುದಿಲ್ಲ.

ಅರ್ಜಿಯ ಗಡುವು ಫೆಬ್ರವರಿಯಲ್ಲಿ ಮುಗಿಯಿತು, ನಾನು ಕಳಿಸಲಿಲ್ಲ. ಆ ಪ್ರಬಂಧಕ್ಕೆಂದು ಬರೆದ ಸಾಲುಗಳನ್ನು ತಿದ್ದಿ, ಎರಡು ಪುಟದ ಒಂದು ಪ್ರಸ್ತಾವ ಮಾಡಿ ನಮ್ಮ ವಿಭಾಗದ ಮುಖ್ಯಸ್ಥರಿಗೆ ಕೊಟ್ಟೆ. ಹೊಸದಾಗಿ ಸೇರುವ ಪಿಎಗಳು ಮೊದಲ ಒಂದು ವರ್ಷ, ಬೆನ್ನುನೋವು, ಎದೆನೋವು, ತಲೆನೋವು, ಹೊಟ್ಟೆನೋವು ಈ ನಾಲ್ಕರಲ್ಲಿ ಯಾವ ರೋಗಿಯನ್ನು ಮನೆಗೆ ಕಳಿಸುವ ಮುನ್ನವೂ ಹಿರಿಯರೊಬ್ಬರ ಜೊತೆ ಎರಡು ನಿಮಿಷ ಮಾತಾಡಬೇಕು. ವಾರಕ್ಕೊಮ್ಮೆ ಒಂದು ಗಂಟೆ, ಸಂಬಳದ ಸಮಯದಲ್ಲೇ, ಕಡತಗಳನ್ನು ಕೂತು ತಿರುವಬೇಕು. ಅದರಿಂದ ಕಾಯುವ ಸಮಯ ಹೆಚ್ಚಾಗುತ್ತದೆ ಎಂದು ಆಡಳಿತದವರು ಹೇಳಿದರು. ಒಂದು ವರ್ಷ ಕೇಳಿದ್ದೆ, ಮೂರು ತಿಂಗಳಿಗೆ ಒಪ್ಪಿಗೆ ಸಿಕ್ಕಿದೆ. ಬರುವ ತಿಂಗಳು ಇಬ್ಬರು ಸೇರುತ್ತಿದ್ದಾರೆ. ಮೊದಲ ಬುಧವಾರದ ಗಂಟೆಗೆ ನಾನು ತೆಗೆದಿಟ್ಟಿರುವುದು ಆ ಹಳೆಯ ಕಡತದ ವಿವರಗಳನ್ನೇ, ರೋಗಿಯ ಹೆಸರು ತೆಗೆದು, ನನ್ನ ಹೆಸರು ಹಾಗೇ ಬಿಟ್ಟು.